ಜೇಬಿನ ಚಾಕು: ಕೆಲಸ ಹೋದ ಮೇಲೆ ಉಳಿದದ್ದು

ಮಡಚಿ ಜೇಬಿಗೆ ಹಾಕಿಕೊಳ್ಳುವ ಪುಟ್ಟ ಚಾಕುವನ್ನು ನಮ್ಮ ಕಡೆಯ ಹಳ್ಳಿಗಳಲ್ಲೂ ‘ಪೆನ್‌ನೈಫ್’ ಎನ್ನುತ್ತಿದ್ದರು. ಚಾಕುವಿನ ಹೆಸರಿನೊಳಗೆ ಪೆನ್ನು ಏಕೆ ಬಂದು ಕುಳಿತಿತು ಎಂದು ಕೇಳಿದವರು ಕಡಮೆ. ಪೆನ್ನಿನ ಗಾತ್ರದ್ದು ಎಂದು ಕೆಲವರು, ಪೆನ್ನಿನಂತೆ ಜೇಬಿನಲ್ಲಿರುವುದು ಎಂದು ಕೆಲವರು ಅರ್ಥ ಹೇಳುವುದುಂಟು. ನಿಜವಾದ ಅರ್ಥ ಇನ್ನೂ ಸರಳ: ಅದು ಪೆನ್ನನ್ನು ಕೆತ್ತುವ ಚಾಕು. ಪೆನ್ನೆಂದರೆ ಹಕ್ಕಿಯ ಗರಿಯಾಗಿದ್ದ ಕಾಲದಲ್ಲಿ ಅದರ ತುದಿಯನ್ನು ಮತ್ತೆ ಮತ್ತೆ ಕೆತ್ತಿಕೊಳ್ಳದೆ ಬರೆಯುವುದು ಸಾಧ್ಯವಿರಲಿಲ್ಲ. ಬರೆಯುವ ಉದ್ಯೋಗದವನ ಬಳಿ ಚಾಕು ಇರಲೇಬೇಕಿತ್ತು.

ಕಡತಗಳ ನಡುವೆ ಅನ್ನ ಕಂಡುಕೊಂಡಿರುವ ನನ್ನಂಥ ಕೇಂದ್ರ ಸರ್ಕಾರಿ ನೌಕರನಿಗೆ ಈ ಸಂಗತಿ ಸ್ವಲ್ಪ ಸೋಜಿಗದ್ದು. ಇನ್ನೂರು ವರ್ಷಗಳ ಹಿಂದೆ ಚಾಕುವಿಲ್ಲದೆ ಕಚೇರಿಗೆ ಬಂದ ಗುಮಾಸ್ತ ಕೆಲಸಕ್ಕೆ ಬಾರದವನು. ಇಂದು ಚಾಕುವಿನೊಂದಿಗೆ ಕಚೇರಿಗೆ ಬಂದ ಗುಮಾಸ್ತ ಹೆಬ್ಬಾಗಿಲಲ್ಲೇ ಅನುಮಾನಕ್ಕೆ ಗುರಿಯಾಗುವವನು. ವಸ್ತು ಹೆಚ್ಚುಕಡಿಮೆ ಅದೇ, ಉದ್ಯೋಗವೂ ಅದೇ. ಬದಲಾದದ್ದು ಏನು? ನಗರಗಳಲ್ಲಿ ಹಿಂಸೆ ಹೆಚ್ಚಿತು, ಆದ್ದರಿಂದ ಭಯ ಹುಟ್ಟಿತು ಎಂಬುದು ಎಲ್ಲರೂ ಕೊಡುವ ಉತ್ತರ. ಜೇಬುಚಾಕುವಿನ ಚರಿತ್ರೆಯನ್ನು ನೋಡಿದರೆ ನನಗೆ ಬೇರೊಂದು ಅನುಕ್ರಮ ಕಾಣುತ್ತದೆ. ಮೊದಲು ಚಾಕುವಿನ ದಿನನಿತ್ಯದ ಕೆಲಸಗಳು ಒಂದೊಂದಾಗಿ ಬೇರೆ ಉಪಕರಣಗಳ ಪಾಲಾದವು. ಕೈಯಲ್ಲಿದ್ದ ಅಲಗಿಗೆ ಕೆಲಸವಿಲ್ಲವೆಂದಾದ ಮೇಲೆ, ಇದು ಇಲ್ಲೇಕಿದೆ ಎಂಬ ಪ್ರಶ್ನೆ ಹುಟ್ಟಿತು. ಭಯ ಬಂದದ್ದು ಆ ಪ್ರಶ್ನೆಯ ಹಿಂದೆ.

ಮಡಚುವ ಚಾಕು ಬಹಳ ಹಳೆಯದು. ಆಸ್ಟ್ರಿಯಾದ ಹಾಲ್‌ಷ್ಟಾಟ್‌ನಲ್ಲಿ ದೊರೆತ, ಮೂಳೆಯ ಹಿಡಿಯ ಮಡಚುಚಾಕು ಕ್ರಿಸ್ತಪೂರ್ವ 6ನೆಯ ಶತಮಾನದ ಆಸುಪಾಸಿನದೆಂದು ಹೇಳುತ್ತಾರೆ. ರೋಮನರು ಇದನ್ನು ಧಾರಾಳವಾಗಿ ಬಳಸಿದರು. ಕೇಂಬ್ರಿಡ್ಜಿನ ಫಿಟ್ಸ್‌ವಿಲಿಯಮ್ ಸಂಗ್ರಹಾಲಯದಲ್ಲಿ ರೋಮನ್ ಕಾಲದ ಒಂದು ಬೆಳ್ಳಿಯ ಉಪಕರಣವಿದೆ: ಒಂದೇ ಹಿಡಿಯೊಳಗೆ ಚಮಚ, ಮುಳ್ಳುಚಮಚ, ಅಲಗು, ಮೊನೆ ಎಲ್ಲವೂ ಮಡಚಿ ಕೂರುತ್ತವೆ. ಪ್ರಯಾಣಿಕನ ಊಟದ ಸಾಮಗ್ರಿ ಅದು. ಮಡಚುವ ಉಪಾಯದ ಉದ್ದೇಶ ಇಂಥ ವಸ್ತುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒರೆಯಲ್ಲಿಟ್ಟ ಕತ್ತಿಯನ್ನು ಸೊಂಟಕ್ಕೆ ಕಟ್ಟಿ ಊರಿಗೆಲ್ಲ ತೋರಿಸಬೇಕು. ಮಡಚಿದ ಚಾಕು ತನ್ನ ಹಿಡಿಯನ್ನೇ ಒರೆಯನ್ನಾಗಿ ಮಾಡಿಕೊಂಡು ಬಟ್ಟೆಯೊಳಗೆ ಕುಳಿತುಕೊಳ್ಳುತ್ತದೆ. ಕಾದಾಟದವನಿಗೆ ಬೇಕಾದದ್ದು ತಕ್ಷಣ ಕೈಗೆ ಬರುವ, ಕೀಲಿಲ್ಲದ ಗಟ್ಟಿ ಅಲಗು. ಮಡಚುವ ಅಲಗು ನಿಧಾನದ್ದು, ಕೀಲಿನ ಬಳಿ ದುರ್ಬಲವಾದದ್ದು. ಕೆಲಸದ ನಡುವೆ ಬಿಡುವು ಇರುವವರಿಗಾಗಿ ಹುಟ್ಟಿದ ಸಲಕರಣೆ ಅದು.

ಬರವಣಿಗೆಯ ಲೋಕದಲ್ಲಿ ಚಾಕುವಿನ ಸ್ಥಾನ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಚಿತ್ರಗಳೇ ಸಾಕ್ಷಿ. ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ 12ನೆಯ ಶತಮಾನದಲ್ಲಿ ಸಿದ್ಧವಾದ ಒಂದು ಕೀರ್ತನೆಗಳ ಹಸ್ತಪ್ರತಿಯಲ್ಲಿ ಈಡ್‌ವಿನ್ ಎಂಬ ಲಿಪಿಕಾರನ ಪುಟದಗಲದ ಚಿತ್ರವಿದೆ. ಅವನ ಒಂದು ಕೈಯಲ್ಲಿ ಗರಿ, ಇನ್ನೊಂದು ಕೈಯಲ್ಲಿ ಚಾಕು. ಮಧ್ಯಯುಗದ ಯೂರೋಪಿನ ಲಿಪಿಕಾರರ ಚಿತ್ರಗಳಲ್ಲಿ ಈ ಜೋಡಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬಲಗೈ ಬರೆಯುವಾಗ ಎಡಗೈಯ ಚಾಕು ಸುಮ್ಮನಿರುತ್ತಿರಲಿಲ್ಲ. ಏಳುವ ತೊಗಲಿನ ಹಾಳೆಯನ್ನು ಅದು ಒತ್ತಿ ಹಿಡಿಯುತ್ತಿತ್ತು, ಮೊಂಡಾದ ಗರಿಯನ್ನು ಕೆತ್ತುತ್ತಿತ್ತು, ತಪ್ಪಿ ಬಿದ್ದ ಅಕ್ಷರವನ್ನು ಕೆರೆದು ತೆಗೆಯುತ್ತಿತ್ತು. ಇಂದಿನ ಭಾಷೆಯಲ್ಲಿ ಹೇಳಬೇಕೆಂದರೆ ಶಾರ್ಪನರ್, ರಬ್ಬರ್, ಪೇಪರ್‌ವೇಟ್ ಮೂರೂ ಆ ಒಂದು ಅಲಗಿನಲ್ಲಿ ಸೇರಿದ್ದವು.

ಪರ್ಷಿಯನ್ ಬರವಣಿಗೆಯ ಲೋಕದಲ್ಲಿ ಇದೇ ಸ್ಥಾನ ‘ಕಲಮ್‌ತರಾಶ್’ ಎಂಬ ಚಾಕುವಿನದು. ಕಲಮನ್ನು ಕೆತ್ತುವುದು ಎಂದೇ ಅದರ ಅರ್ಥ. ಜೊಂಡಿನ ಲೇಖನಿಯ ತುದಿಯನ್ನು ಓರೆಯಾಗಿ ಕತ್ತರಿಸಿದ ಕೋನದ ಮೇಲೆ ಅಕ್ಷರದ ಚೆಲುವು ನಿಂತಿತ್ತು. ಹಾಗಾಗಿ ಕಲಮು ಕೆತ್ತುವುದು ಲಿಪಿಕಾರನ ಶಿಕ್ಷಣದ ಭಾಗವಾಗಿತ್ತು. ತುದಿಯನ್ನಿಟ್ಟು ಕತ್ತರಿಸಲು ‘ಮಕ್ತಾ’ ಎಂಬ ದಂತದ ಅಥವಾ ಮೂಳೆಯ ಪುಟ್ಟ ಪಟ್ಟಿ ಬೇರೆ ಇರುತ್ತಿತ್ತು. ಮೊಗಲರ ಕಾಲದ ದಫ್ತರಗಳಿಗೂ ಈ ಪದ್ಧತಿ ಬಂತು. ಮೋಡಿ ಲಿಪಿಯ ಮರಾಠಿ ದಫ್ತರಗಳಲ್ಲಿ ‘ಬೋರು’ ಎಂಬ ಜೊಂಡಿನ ಲೇಖನಿ ನಡೆಯುತ್ತಿತ್ತು. ಅದನ್ನೂ ಕೆತ್ತಿಯೇ ಬರೆಯಬೇಕು. ಪುಣೆಯಲ್ಲಿರುವ ಓದುಗರು ಅಲ್ಲಿಯ ಪೇಶ್ವೆ ದಫ್ತರದ ಹೆಸರು ಕೇಳಿದಾಗ, ಆ ಅಪಾರ ಕಾಗದರಾಶಿಯ ಹಿಂದೆ ಲೇಖನಿ ಕೆತ್ತಿದ ಲೆಕ್ಕವಿಲ್ಲದಷ್ಟು ಅಲಗುಗಳನ್ನೂ ನೆನೆಯಬಹುದು. ನಾವು ದಿನವೂ ಆಡುವ ‘ಚಾಕು’ ಎಂಬ ಪದವೂ ಪರ್ಷಿಯನ್ನಿನ ದಾರಿಯಿಂದಲೇ ನಮ್ಮ ನುಡಿಗೆ ಬಂದದ್ದು. ‘ಚೂರಿ’ ಸಂಸ್ಕೃತದ ಛುರಿಕೆಯಿಂದ ಬಂತು, ‘ಕತ್ತಿ’ ನಮ್ಮದೇ ದ್ರಾವಿಡ ಮಾತು.

ಹಾಗಾದರೆ ಕನ್ನಡನಾಡಿನ ಬರಹಗಾರನ ಕೈಯಲ್ಲಿ ಏನಿತ್ತು? ಓಲೆಗರಿಯ ಕಾಲದಲ್ಲಿ ಬರೆಯುವುದೆಂದರೆ ಕೊರೆಯುವುದು. ‘ಕಂಟ’ವೆಂಬ ಉಕ್ಕಿನ ಮೊನೆಯೇ ಲೇಖನಿ. ಗರಿಗಳನ್ನು ಒಂದೇ ಅಳತೆಗೆ ಸವರಲು ಅಲಗೂ ಬೇಕು. ದಕ್ಷಿಣ ಭಾರತದ ಹಳೆಯ ಕಂಟಗಳಲ್ಲಿ ಕೆಲವು, ಒಂದೇ ಹಿಡಿಯಲ್ಲಿ ಬರೆಯುವ ಮೊನೆಯನ್ನೂ ಸವರುವ ಅಲಗನ್ನೂ ಕೂಡಿಸಿಕೊಂಡಿವೆ. ಎರಡೂ ಹಿಡಿಯೊಳಕ್ಕೆ ಮಡಚಿಕೊಳ್ಳುವಂಥವೂ ಇವೆ. ಅಕ್ಷರಶಃ ಪೆನ್ನೂ ನೈಫೂ ಒಂದಾದ ವಸ್ತು ನಮ್ಮಲ್ಲೇ ಇತ್ತು ಎಂದಾಯಿತು. ಕಡತದ ಸಂಗತಿ ಬೇರೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಮಾಡಿದ ಕಪ್ಪು ಕಡತದ ಮೇಲೆ ಶಾನುಭೋಗರು ಬಳಪದಿಂದ ಬರೆಯುತ್ತಿದ್ದರು. ಬಳಪವನ್ನು ಕಲ್ಲಿನ ಮೇಲೆ ತೀಡಿದರೂ ಮೊನೆ ಬರುತ್ತದೆ. ತಪ್ಪಾದರೆ ಒರೆಸಿದರಾಯಿತು.

ಜೇಬುಚಾಕು ಎಂಬ ಕಲ್ಪನೆಗೆ ನಮ್ಮಲ್ಲಿ ಸರಿಸಮವಾದದ್ದನ್ನು ಹುಡುಕಬೇಕಾದದ್ದು ಬರಹಗಾರರ ಬಳಿಯಲ್ಲ, ಎಲೆಯಡಿಕೆಯ ಸಂಚಿಯಲ್ಲಿ. ನಮ್ಮ ಅಜ್ಜಂದಿರ ಅಂಗಿಗೆ ಜೇಬು ಬರುವ ಮೊದಲೇ ಸೊಂಟದಲ್ಲಿ ಸಂಚಿಯಿತ್ತು. ಅದರಲ್ಲಿ ಸುಣ್ಣದ ಡಬ್ಬಿ, ಹೊಗೆಸೊಪ್ಪು, ಅಡಕತ್ತರಿ. ಅಡಕತ್ತರಿಯೂ ಕೀಲಿರುವ, ಮಡಚಿ ಮುಚ್ಚಿಕೊಳ್ಳುವ ಅಲಗೇ. ಅಡಿಕೆ ಹೋಳು ಮಾಡಲು ಇದ್ದದ್ದು, ದಾರ ಕತ್ತರಿಸಲು, ಕಡ್ಡಿ ಮುರಿಯಲು, ಜಗುಲಿಯ ಮಾತಿನ ನಡುವೆ ಕೈಗೊಂದು ಆಟಕ್ಕೂ ಒದಗುತ್ತಿತ್ತು. ಅದನ್ನು ಆಯುಧವೆಂದು ಯಾರೂ ಬಗೆದದ್ದಿಲ್ಲ. ಅದರ ಕೆಲಸ ಎಲ್ಲರ ಕಣ್ಣೆದುರಿಗೆ ನಡೆಯುತ್ತಿತ್ತು. ಕೆಲಸ ಮುಗಿದ ಕೂಡಲೇ ಹೋಳಡಿಕೆ ಎದುರಿಗಿದ್ದವನ ಅಂಗೈಗೆ ಬರುತ್ತಿತ್ತು.

ಜೇಬುಚಾಕುವನ್ನು ಜಗತ್ತಿಗೆಲ್ಲ ಹಂಚಿದ ಊರು ಇಂಗ್ಲೆಂಡಿನ ಷೆಫೀಲ್ಡ್. 14ನೆಯ ಶತಮಾನದ ಕೊನೆಯಲ್ಲಿ ಚಾಸರ್ ಬರೆದ ‘ಕ್ಯಾಂಟರ್‌ಬರಿ ಟೇಲ್ಸ್’ನಲ್ಲಿ ಒಬ್ಬ ಹಿಟ್ಟಿನ ಗಿರಣಿಯವನು ಷೆಫೀಲ್ಡಿನ ಚಾಕುವನ್ನು ಕಾಲುಚೀಲದಲ್ಲಿ ಸಿಕ್ಕಿಸಿಕೊಂಡು ತಿರುಗುತ್ತಾನೆ, ಆ ಹೊತ್ತಿಗಾಗಲೇ ಊರಿನ ಹೆಸರು ಸರಕಿನ ಹೆಸರಾಗಿತ್ತು. 1624ರಲ್ಲಿ ಅಲ್ಲಿಯ ಚಾಕು ತಯಾರಕರ ಸಂಘಕ್ಕೆ ಪಾರ್ಲಿಮೆಂಟಿನ ಶಾಸನದಿಂದ ಅಧಿಕೃತ ಸ್ಥಾನ ದೊರೆಯಿತು. ಅಲಗಿನ ಬೆನ್ನಿಗೆ ಉಕ್ಕಿನ ಸ್ಪ್ರಿಂಗ್ ಕೂರಿಸಿ, ತೆರೆದಾಗಲೂ ಮುಚ್ಚಿದಾಗಲೂ ಅದು ತನ್ನ ಜಾಗದಲ್ಲಿ ಬಿಗಿಯಾಗಿ ನಿಲ್ಲುವಂತೆ ಮಾಡುವ ಪದ್ಧತಿ 17ನೆಯ ಶತಮಾನದಲ್ಲಿ ಅಲ್ಲಿ ನೆಲೆಗೊಂಡಿತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಎರಕಹೊಯ್ಯುವ ವಿಧಾನವನ್ನು ಹದಗೊಳಿಸಿದ ಮೇಲೆ ಸಣ್ಣ ಅಲಗಿಗೂ ಒಳ್ಳೆಯ ಉಕ್ಕು ಸಿಕ್ಕಿತು. ಜೋಸೆಫ್ ರಾಜರ್ಸ್ ಸಂಸ್ಥೆ 1851ರ ಲಂಡನ್ ಮಹಾಪ್ರದರ್ಶನಕ್ಕೆಂದು 75 ಅಲಗುಗಳ ಒಂದು ಚಾಕುವನ್ನೇ ಮಾಡಿತು. ಅದನ್ನು ಜೇಬಿನಲ್ಲಿಡುವುದಿರಲಿ, ಎತ್ತುವುದೂ ಕಷ್ಟ.

ಇಂಥ ಮೆರುಗಿನ ಹಿಂದೆ ಯಾರ ಶ್ವಾಸಕೋಶವಿತ್ತು ಎಂಬುದನ್ನು ಬಿಟ್ಟು ಈ ಚರಿತ್ರೆಯನ್ನು ಹೇಳಲಾಗದು. ಷೆಫೀಲ್ಡಿನ ಸಾಣೆಗಾರರು ತಿರುಗುವ ಕಲ್ಲಿನ ಮುಂದೆ ಬಾಗಿ ದಿನವಿಡೀ ಅಲಗು ಮಸೆಯುತ್ತಿದ್ದರು. ಕಲ್ಲಿನ, ಉಕ್ಕಿನ ಸಣ್ಣ ಧೂಳು ಎದೆ ಸೇರಿ ಬರುತ್ತಿದ್ದ ಉಬ್ಬಸಕ್ಕೆ ‘ಸಾಣೆಗಾರರ ಆಸ್ತಮಾ’ ಎಂಬ ಹೆಸರೇ ಇತ್ತು. 1845ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಯನ್ನು ಕುರಿತ ಪುಸ್ತಕದಲ್ಲಿ ಎಂಗೆಲ್ಸ್ ಅಲ್ಲಿಯ ವೈದ್ಯರೊಬ್ಬರ ವರದಿಯನ್ನು ಆಧರಿಸಿ ಒಂದು ಲೆಕ್ಕ ಕೊಡುತ್ತಾನೆ: ಒಣಗಲ್ಲಿನಲ್ಲಿ ಮಸೆಯುವವರು 35 ವರ್ಷ ಮುಟ್ಟುವುದೇ ಅಪರೂಪ, ನೀರುಗಲ್ಲಿನವರು 45 ದಾಟುವುದು ಅಪರೂಪ. ಜೇಬುಚಾಕು ಯಾರ ಪ್ರಾಣವನ್ನಾದರೂ ತೆಗೆದಿದ್ದರೆ, ಬಳಸಿದವರ ಬೀದಿಗಿಂತ ಮೊದಲು ಮಾಡಿದವರ ಕೊಟ್ಟಿಗೆಯಲ್ಲಿ ತೆಗೆದಿತ್ತು. ಆ ಸಾವುಗಳ ಹೆದರಿಕೆಯಿಂದ ಯಾರೂ ಚಾಕುವನ್ನು ದೂರವಿಡಲಿಲ್ಲ.

ಷೆಫೀಲ್ಡಿನ ಅಲಗು ಹೊರಟು ಸೇರಿದ ಜಾಗಗಳಲ್ಲಿ ಕಚೇರಿಯ ಮೇಜೂ ಒಂದು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಳದರ್ಜೆಯ ಅಧಿಕಾರಿಯ ಹುದ್ದೆಯ ಹೆಸರೇ ‘ರೈಟರ್’. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗ್ ಆ ಹೆಸರನ್ನು ಇಂದಿಗೂ ಹೊತ್ತಿದೆ. ನಮ್ಮ ಪೊಲೀಸ್ ಠಾಣೆಗಳಲ್ಲಿ ದಾಖಲೆ ಬರೆಯುವವರನ್ನು ಈಗಲೂ ‘ರೈಟರ್’ ಎಂದೇ ಕರೆಯುತ್ತಾರೆ. ಇಂಗ್ಲಿಷ್ ಪ್ರಬಂಧ ಓದಿದವರಿಗೆಲ್ಲ ಪರಿಚಿತನಾದ ಚಾರ್ಲ್ಸ್ ಲ್ಯಾಮ್ 1792ರಿಂದ 1825ರವರೆಗೆ ಕಂಪನಿಯ ಲಂಡನ್ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತನಾಗಿದ್ದ. ಗರಿಯ ಲೇಖನಿಯ ಕಾಲದ ಕೊನೆಯ ತಲೆಮಾರುಗಳಲ್ಲಿ ಒಂದು ಅವನದು. ಹೆಬ್ಬಾತಿನ ಗರಿಯನ್ನು ಬಿಸಿಯಲ್ಲಿ ಗಡುಸುಗೊಳಿಸಿ, ತುದಿಯನ್ನು ಓರೆಯಾಗಿ ಕತ್ತರಿಸಿ, ನಡುವೆ ಸೀಳು ಕೊಡುವುದು ಅಂದಿನ ಗುಮಾಸ್ತನಿಗೆ ಅಕ್ಷರದಷ್ಟೇ ಅಗತ್ಯವಾದ ವಿದ್ಯೆ.

ಚಾಕುವಿನ ಕೈಯಿಂದ ಮೊದಲು ಜಾರಿದ ಕೆಲಸ ಇದೇ. 1820ರ, 30ರ ದಶಕಗಳಲ್ಲಿ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಗಿಲಾಟ್, ಜೋಸಯ ಮೇಸನ್ ಮೊದಲಾದವರು ಉಕ್ಕಿನ ನಿಬ್ಬನ್ನು ಯಂತ್ರದಿಂದ ಅಚ್ಚೊತ್ತಿ ಅಗ್ಗಕ್ಕೆ ಮಾರತೊಡಗಿದರು. ಉಕ್ಕಿನ ನಿಬ್ಬಿಗೆ ಕೆತ್ತುವವನು ಬೇಡ. ಪೆನ್‌ನೈಫ್‌ಗೆ ಪೆನ್ನು ದೂರವಾಯಿತು, ಹೆಸರು ಮಾತ್ರ ಉಳಿಯಿತು. ಚಾಕು ಆಗ ಸೋಲಲಿಲ್ಲ, ಪೆನ್ಸಿಲಿನ ಕಡೆಗೆ ಹೊರಳಿತು. ಅಲ್ಲಿಯೂ ಪ್ರತಿಸ್ಪರ್ಧಿ ಕಾದಿದ್ದ: ಪೆನ್ಸಿಲ್ ಚೂಪು ಮಾಡುವ ಸಲಕರಣೆಗೆ ಫ್ರಾನ್ಸಿನಲ್ಲಿ 1828ರಲ್ಲೇ ಪೇಟೆಂಟ್ ಸಿಕ್ಕಿತ್ತು. ಆದರೂ ಅದು ಮನೆಮನೆಗೆ ಬರಲು ಬಹುಕಾಲ ಹಿಡಿಯಿತು. ಎಂಬತ್ತರ ದಶಕದಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಓದಿದ ನಾವು ಅಪ್ಪ ಬಿಸಾಡಿದ ಶೇವಿಂಗ್ ಬ್ಲೇಡಿನ ಅರ್ಧ ತುಂಡಿನಿಂದಲೇ ಪೆನ್ಸಿಲ್ ಹೆರೆದುಕೊಂಡವರು. ಕಂಪಾಸು ಪೆಟ್ಟಿಗೆಯಲ್ಲಿ ‘ಮೆಂಡರ್’ ಇದ್ದವನು ತರಗತಿಯ ಸಿರಿವಂತ. ಬ್ಲೇಡು ಹಿಡಿದ ಏಳು ವರ್ಷದ ಮಕ್ಕಳಿಂದ ಕೋಣೆ ತುಂಬಿದ್ದರೂ ಮೇಷ್ಟ್ರು ಹೆದರಿದ್ದನ್ನು ನಾನು ಕಂಡಿಲ್ಲ. ಬೆರಳು ಕೊಯ್ದುಕೊಂಡವನಿಗೆ ಒಂದು ಗದರಿಕೆ, ಗಾಯಕ್ಕೆ ಸುಣ್ಣವೋ ಅರಿಶಿನವೋ, ಅಷ್ಟೆ.

ಬರವಣಿಗೆಯ ಹೊರಗೂ ಜೇಬುಚಾಕುವಿಗೆ ಒಂದು ತುಂಬು ಜೀವನವಿತ್ತು. 1719ರ ‘ರಾಬಿನ್ಸನ್ ಕ್ರೂಸೋ’ದಲ್ಲಿ ಹಡಗೊಡೆದು ದಡ ಸೇರಿದ ನಾಯಕನ ಮೈಮೇಲೆ ಉಳಿದದ್ದು ಒಂದು ಚಾಕು, ಒಂದು ಚಿಲುಮೆ, ಡಬ್ಬಿಯಲ್ಲಿ ಚೂರು ಹೊಗೆಸೊಪ್ಪು. ಸಾಧಾರಣ ಮನುಷ್ಯನ ಜೇಬಿನಲ್ಲಿ ಸಹಜವಾಗಿ ಇರುವಂಥದ್ದು ಏನು ಎಂಬುದಕ್ಕೆ ಡೆಫೋ ಕೊಟ್ಟ ಪಟ್ಟಿ ಅದು. 1876ರ ‘ಟಾಮ್ ಸಾಯರ್’ನಲ್ಲಿ ಬೈಬಲಿನ ವಾಕ್ಯಗಳನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಅಕ್ಕ ಮೇರಿ ಕೊಡುವ ಬಹುಮಾನ ಒಂದು ‘ಬಾರ್ಲೋ’ ಚಾಕು. ಅದು ಏನನ್ನೂ ಕತ್ತರಿಸದಷ್ಟು ಮೊಂಡು, ಆದರೂ ಹುಡುಗನ ಸಂತೋಷಕ್ಕೆ ಎಣೆಯಿಲ್ಲ. ದೊಡ್ಡವರು ಒಂದು ಮಗುವಿಗೆ ಚಾಕು ಕೊಟ್ಟರೆಂದರೆ, ನೀನಿನ್ನು ನಂಬಿಕೆಗೆ ಅರ್ಹ ಎಂದು ಒಪ್ಪಿಕೊಂಡಂತೆ. ಆ ಹುಡುಗನ ಹಿಗ್ಗಿಗೆ ಅಲಗಿನ ಹರಿತಕ್ಕಿಂತ ಈ ಒಪ್ಪಿಗೆಯೇ ಕಾರಣ.

ಈ ನಂಬಿಕೆಯನ್ನು ದಿನಚರಿಯನ್ನಾಗಿ ಮಾಡಿಕೊಂಡ ನಾಡುಗಳು ಯೂರೋಪಿನಲ್ಲಿವೆ. ಫ್ರಾನ್ಸಿನ ಸವಾಯ್ ಬೆಟ್ಟಗಳಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಮರದ ಹಿಡಿಯ ಒಂದು ಸಾದಾ ಚಾಕು ರೂಪಿಸಿದ. ಕೆಲವೇ ವರ್ಷಗಳಲ್ಲಿ ಅದು 1ರಿಂದ 12ರವರೆಗಿನ ಅಳತೆಗಳಲ್ಲಿ ಬಂತು. ರೈತ, ಕುರುಬ, ದ್ರಾಕ್ಷಿ ತೋಟದವ ತಮ್ಮ ಅಂಗೈಗೆ ಒಪ್ಪುವ ಸಂಖ್ಯೆಯನ್ನು ಆರಿಸಿಕೊಂಡರು. ಬ್ರೆಡ್ಡು, ಗಿಣ್ಣು, ಸೇಬು ಕತ್ತರಿಸುವ ಅದೇ ಅಲಗು ತೋಟದಲ್ಲಿ ಕಸಿಯ ಕಡ್ಡಿಯನ್ನೂ ಸವರುತ್ತದೆ. ತೆರೆದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುವ ಉಂಗುರ ಅದಕ್ಕೆ ಸೇರಿದ್ದು 1955ರಲ್ಲಿ. ಅದನ್ನು ಬಿಟ್ಟರೆ ಅದರ ರೂಪ ಹೆಚ್ಚೇನೂ ಬದಲಾಗಿಲ್ಲ.

ಸ್ವಿಸ್ ಚಾಕುವಿನ ಕಥೆ ಸೈನ್ಯಕ್ಕೆ ಸೇರಿದ್ದಾದರೂ ಅದರ ಹುಟ್ಟಿಗೆ ಕಾರಣ ಕಾದಾಟವಲ್ಲ. ಹೊಸ ಬಂದೂಕನ್ನು ಬಿಚ್ಚಿ ಜೋಡಿಸಲು ತಿರುಪುಳಿ ಬೇಕು, ಆಹಾರದ ಡಬ್ಬಿ ತೆರೆಯಲು ಸಲಕರಣೆ ಬೇಕು ಎಂದು ಸ್ವಿಸ್ ಸೈನ್ಯ ಸಿಪಾಯಿಗಳಿಗೆ ಒಂದು ಚಾಕು ಗೊತ್ತುಮಾಡಿತು. ಮೊದಲ ಚಾಕುಗಳು ಜರ್ಮನಿಯ ಜೋಲಿಂಗೆನ್‌ನಿಂದ ಬಂದವು. ಇಬಾಕ್ ಎಂಬ ಊರಿನಲ್ಲಿ 1884ರಿಂದ ಚಾಕು ಮಾಡುತ್ತಿದ್ದ ಕಾರ್ಲ್ ಎಲ್ಸೆನರ್ ಸ್ವದೇಶದ ಕುಶಲಕರ್ಮಿಗಳನ್ನು ಕೂಡಿಸಿಕೊಂಡು 1891ರಲ್ಲಿ ಆ ಕೆಲಸವನ್ನು ಊರಿಗೆ ತಂದ. 1897ರಲ್ಲಿ ಅವನು ರೂಪಿಸಿದ ಹಗುರವಾದ ‘ಅಧಿಕಾರಿಯ ಚಾಕು’ವಿನಲ್ಲಿ ವೈನ್ ಬಾಟಲಿಯ ಬಿರಡೆ ತೆಗೆಯುವ ಸುರುಳಿಯೂ ಇತ್ತು. ಇದನ್ನು ಸೈನ್ಯ ಹಂಚಲಿಲ್ಲ, ಅಧಿಕಾರಿಗಳು ತಾವೇ ಕೊಂಡರು. ತಾಯಿ ವಿಕ್ಟೋರಿಯಾ ತೀರಿಕೊಂಡ 1909ರಲ್ಲಿ ಅವಳ ಹೆಸರು ಸರಕಿನ ಹೆಸರಾಯಿತು. 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ ಫ್ರೆಂಚ್ ಹೆಸರಿನ ತುಂಡೊಂದು ಅದಕ್ಕೆ ಸೇರಿ ‘ವಿಕ್ಟೋರಿನಾಕ್ಸ್’ ಆಯಿತು.

ಕೆಲಸ ಹೋದ ಮೇಲೆ ಭಯ ಬರುತ್ತದೆ ಎಂಬ ನನ್ನ ಮಾತಿಗೆ ಎಲ್ಲಕ್ಕಿಂತ ಸ್ಪಷ್ಟವಾದ ನಿದರ್ಶನ ಜಪಾನಿನದು. ಅಲ್ಲಿ 1876ರ ಆಜ್ಞೆಯೊಂದು ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಲ್ಲಿಸಿತು. ಖಡ್ಗದ ಕಮ್ಮಾರರಿಗೆ ಬೇರೆ ಕೆಲಸ ಹುಡುಕಬೇಕಾಯಿತು. ಆ ಶತಮಾನದ ಕೊನೆಯಲ್ಲಿ, ಬಡಗಿಗಳ ಉಪಕರಣಕ್ಕೆ ಹೆಸರಾದ ಮಿಕಿ ಎಂಬ ಊರಿನಿಂದ ‘ಹಿಗೊನೊಕಾಮಿ’ ಎಂಬ ಮಡಚುಚಾಕು ಹೊರಬಂತು. ‘ಹಿಗೊ ಪ್ರಾಂತದ ಒಡೆಯ’ ಎಂಬ ದೊಡ್ಡ ಹೆಸರು, ಬಲು ಸರಳವಾದ ವಸ್ತು: ಮಡಚಿದ ತಗಡಿನ ಹಿಡಿ, ಒಂದು ಅಲಗು, ಅಲಗಿನ ಬುಡದಲ್ಲಿ ಹೆಬ್ಬೆರಳಿನಿಂದ ಒತ್ತಿಹಿಡಿಯುವ ಪುಟ್ಟ ಬಾಲ. ಸ್ಪ್ರಿಂಗ್ ಇಲ್ಲ, ಬೀಗವಿಲ್ಲ; ಹೆಬ್ಬೆರಳು ಸಡಿಲಿಸಿದರೆ ಅಲಗು ನಿಲ್ಲದು. ಬಳಸುವವನ ಎಚ್ಚರವೇ ಅದರ ಬೀಗ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಪಾನಿನ ಶಾಲಾ ಮಕ್ಕಳು ಇದರಿಂದಲೇ ಪೆನ್ಸಿಲ್ ಹೆರೆದರು, ಬಿದಿರು ಸೀಳಿ ಆಟಿಕೆ ಮಾಡಿದರು.

ಪೆನ್ಸಿಲ್ ಹೆರೆಯುವ ಯಂತ್ರಗಳು ತರಗತಿಗಳಿಗೆ ಬರತೊಡಗಿದ ಕಾಲದಲ್ಲೇ, 1960ರ ಅಕ್ಟೋಬರ್ 12ರಂದು, ಸಮಾಜವಾದಿ ಪಕ್ಷದ ಅಧ್ಯಕ್ಷ ಇನೆಜಿರೊ ಅಸಾನುಮ ಟೋಕಿಯೋದ ಸಭೆಯೊಂದರ ವೇದಿಕೆಯ ಮೇಲೆ 17 ವರ್ಷದ ಯುವಕನ ಕೈಯಲ್ಲಿ ಹತರಾದರು. ದೃಶ್ಯ ದೂರದರ್ಶನದಲ್ಲಿ ಬಿತ್ತರವಾಯಿತು, ದೇಶ ನಡುಗಿತು. ಮಕ್ಕಳ ಕೈಗೆ ಅಲಗು ಕೊಡಬೇಡಿ ಎಂಬ ಚಳವಳಿ ಜಪಾನಿನಾದ್ಯಂತ ಹಬ್ಬಿತು. ಹಂತಕನ ಕೈಯಲ್ಲಿದ್ದದ್ದು ಗಿಡ್ಡ ಖಡ್ಗ. ಶಿಕ್ಷೆಗೆ ಗುರಿಯಾದದ್ದು ಪೆನ್ಸಿಲ್ ಹೆರೆಯುವ ಚಾಕು. ಅಡುಗೆಮನೆಯ ಚಾಕುವನ್ನು ಯಾರೂ ಮುಟ್ಟಲಿಲ್ಲ, ಅದಕ್ಕೆ ಮರುದಿನದ ಅಡುಗೆಯ ಕೆಲಸವಿತ್ತು. ಶಾಲೆಯ ಚಾಕುವಿನ ಪರವಾಗಿ ಮಾತಾಡಲು ಕೆಲಸವೇ ಉಳಿದಿರಲಿಲ್ಲ. ಇಂದು ಮಿಕಿಯಲ್ಲಿ ಆ ಹೆಸರಿನ ಹಕ್ಕುಳ್ಳ ತಯಾರಕರಲ್ಲಿ ಒಂದು ಮನೆತನ ಮಾತ್ರ ಉಳಿದಿದೆ. ಆದರೂ ನಗಾನೊ ಪ್ರಾಂತದ ಒಂದು ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳಿಗೆ ಈ ಚಾಕುವನ್ನು ಕೊಟ್ಟು ಪೆನ್ಸಿಲ್ ಹೆರೆಯುವುದನ್ನು ಕಲಿಸುವ ಪದ್ಧತಿಯಿದೆ. ಆ ಮಕ್ಕಳ ಮಟ್ಟಿಗೆ ಚಾಕುವಿಗೆ ಅದರ ಕೆಲಸ ಮರಳಿ ಸಿಕ್ಕಿದೆ.

ನಮ್ಮ ದೇಶದಲ್ಲಿ ಈ ಪಾಡು ಪಟ್ಟದ್ದು ಉತ್ತರ ಪ್ರದೇಶದ ರಾಂಪುರದ ಚಾಕು. ದೆಹಲಿಯಿಂದ ಮೊರಾದಾಬಾದಿನ ಮೇಲೆ ಹೋದರೆ ಸಿಗುವ ಈ ಹಳೆಯ ನವಾಬರ ಊರಿನಲ್ಲಿ ಅಲಗಿನ ಕಸುಬು ತಲೆಮಾರುಗಳದು. ಹಿತ್ತಾಳೆಯ ಕೆತ್ತನೆಯ ಹಿಡಿ, ತೆರೆಯುವಾಗ ಕಟಕಟನೆ ಸದ್ದುಮಾಡುವ ಕೀಲು, ಉದ್ದನೆಯ ಅಲಗು. ಆ ಕೌಶಲವನ್ನು ನಾಡಿಗೆಲ್ಲ ಪರಿಚಯಿಸಿದ್ದು ಅಂಗಡಿಗಳಿಗಿಂತ ಹೆಚ್ಚಾಗಿ ಹಿಂದಿ ಸಿನಿಮಾ. 1965ರ ‘ವಕ್ತ್’ ಚಿತ್ರದಲ್ಲಿ ರಾಜ್‌ಕುಮಾರ್, ನಮ್ಮ ಅಣ್ಣಾವ್ರಲ್ಲ, ಹಿಂದಿಯವರು, ಎದುರಾಳಿಯ ಚಾಕುವನ್ನು ತೆಗೆದುಕೊಂಡು ಆಡುವ ಮಾತು ಇಂದಿಗೂ ಜನರ ನಾಲಿಗೆಯ ಮೇಲಿದೆ. ಮುಂದಿನ ದಶಕಗಳಲ್ಲಿ ‘ರಾಂಪುರಿ’ ಎಂದರೆ ಖಳನ ಕೈಯ ವಸ್ತು ಎಂದಾಯಿತು. ತೊಂಬತ್ತರ ದಶಕದಲ್ಲಿ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿನ ಮೇಲೆ ರಾಜ್ಯ ಸರ್ಕಾರ ನಿರ್ಬಂಧ ಹೇರಿತು. ಚಾಕು ಬಜಾರಿನ ಕಸುಬುದಾರರು ಒಬ್ಬೊಬ್ಬರಾಗಿ ಬೇರೆ ದಾರಿ ಹಿಡಿದರು. 2023ರಲ್ಲಿ ಅದೇ ಊರಿನ ವೃತ್ತದಲ್ಲಿ ಸುಮಾರು 20 ಅಡಿ ಉದ್ದದ ರಾಂಪುರಿ ಚಾಕುವನ್ನು ಸ್ಮಾರಕದಂತೆ ನಿಲ್ಲಿಸಲಾಯಿತು. ಜೇಬಿನಲ್ಲಿರಬೇಕಾದದ್ದು ಮೇಲಕ್ಕೇರಿತು, ಅದನ್ನು ಮಾಡುವ ಕೈಗಳು ಕಡಮೆಯಾದವು.

ಕಾನೂನನ್ನು ಇಲ್ಲಿ ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಆಯುಧವನ್ನೂ ಉಪಕರಣವನ್ನೂ ಬೇರ್ಪಡಿಸುವುದು ಎಷ್ಟು ಕಷ್ಟ ಎಂಬುದು ಅದರ ವಾಕ್ಯಗಳಲ್ಲೇ ಕಾಣುತ್ತದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಕೆಳಗೆ ಬಂದ 1962ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಹೆಸರಿಸಿ, ಕೂಡಲೇ ಮನೆಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆಯವನ್ನು ಹೊರಗಿಟ್ಟವು. ಅಂದರೆ ನಿಯಮವೂ ಕೇಳುವುದು ಅದೇ ಪ್ರಶ್ನೆ: ಇದರ ಕೆಲಸವೇನು? ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಇದನ್ನು ಇನ್ನೂ ಬಿಗಿಮಾಡಿ, 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲದ ಗೆರೆ ಎಳೆಯಿತು. ದೆಹಲಿಯ ನ್ಯಾಯಾಲಯಗಳ ತೀರ್ಪುಗಳಲ್ಲಿ ‘ಬಟನ್‌ದಾರ್ ಚಾಕು’ವಿನ ರೇಖಾಚಿತ್ರ, ಅಳತೆಗಳ ಚರ್ಚೆ ಮತ್ತೆ ಮತ್ತೆ ಬರುತ್ತದೆ. ಇರಿತಕ್ಕೆ ಬಲಿಯಾದವರ ಮನೆಯವರಿಗೆ ಈ ಸೆಂಟಿಮೀಟರುಗಳು ಹರಟೆಯ ವಿಷಯವಲ್ಲ. ಇಷ್ಟನ್ನು ಒಪ್ಪಿಕೊಂಡೂ ಒಂದು ಮಾತು ಉಳಿಯುತ್ತದೆ: ಅಳತೆಪಟ್ಟಿ ಅಲಗನ್ನು ಅಳೆಯಬಲ್ಲದು, ಅದರ ಬಳಕೆಯನ್ನು ಅಳೆಯಲಾರದು.

ಬಳಕೆ ಎಲ್ಲರಿಗೂ ಕಾಣುವಂತಿರುವ ಕಡೆ ಅಲಗಿಗೆ ಗೌರವವಿರುತ್ತದೆ ಎಂಬುದಕ್ಕೆ ನಮ್ಮ ಕೊಡಗೇ ಉದಾಹರಣೆ. ಕುಪ್ಯದ ಮೇಲೆ ಸುತ್ತಿದ ಕೆಂಪು ಚೇಲೆಯಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡ ಮದುಮಗನನ್ನು ಕಂಡು ಯಾರೂ ಬೆಚ್ಚುವುದಿಲ್ಲ. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೆಯ ವಿಧಿಯೇ ಮಾನ್ಯತೆ ಕೊಟ್ಟಿದೆ. ಇವೆರಡೂ ಜೇಬಿನ ಚಾಕುಗಳಲ್ಲ. ಆದರೆ ಸಮಾಜವೊಂದು ಅಲಗಿನ ಅರ್ಥವನ್ನು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಟ್ಟರೆ ಅದು ಭಯವಿಲ್ಲದೆ ನಡುವಿನಲ್ಲಿರಬಲ್ಲದು ಎಂಬುದನ್ನು ತೋರಿಸುತ್ತವೆ. ಜೇಬುಚಾಕುವಿಗೆ ಇಂಥ ಪಂಗಡವಿಲ್ಲ, ಪುರಾಣವಿಲ್ಲ. ಅದಕ್ಕಿದ್ದ ಒಂದೇ ಆಸರೆ ದಿನದ ಚಿಲ್ಲರೆ ಕೆಲಸ.

2001ರ ಸೆಪ್ಟೆಂಬರಿನ ನಂತರ ವಿಮಾನದೊಳಗೆ ಅಲಗು ನಿಷಿದ್ಧವಾದಾಗ ವಿಕ್ಟೋರಿನಾಕ್ಸಿನ ಮಾರಾಟಕ್ಕೆ ದೊಡ್ಡ ಪೆಟ್ಟು ಬಿತ್ತು. ನಿಲ್ದಾಣಗಳಲ್ಲಿ ಉಡುಗೊರೆಯಾಗಿ ಕೊಳ್ಳುತ್ತಿದ್ದ ವಸ್ತು ಅಲ್ಲೇ ಕಸದ ಬುಟ್ಟಿ ಸೇರತೊಡಗಿತು. ಅನೇಕ ದೇಶಗಳ ಕಾನೂನು ಬಿಗಿಯಾಗುತ್ತಿರುವುದರಿಂದ ಅಲಗೇ ಇಲ್ಲದ ಜೇಬು ಸಲಕರಣೆಯನ್ನು ರೂಪಿಸುತ್ತಿರುವುದಾಗಿ ಸಂಸ್ಥೆ 2024ರಲ್ಲಿ ಹೇಳಿತು. ಕತ್ತರಿಯಿರುತ್ತದೆ, ತಿರುಪುಳಿಯಿರುತ್ತದೆ, ಚಾಕು ಇರುವುದಿಲ್ಲ. ಪೆನ್ನಿಲ್ಲದ ಪೆನ್‌ನೈಫ್ ಇನ್ನೂರು ವರ್ಷ ಬಾಳಿತು. ಇನ್ನು ನೈಫೂ ಇಲ್ಲದ್ದು ಎಷ್ಟು ಕಾಲ ಬಾಳುತ್ತದೋ ನೋಡಬೇಕು.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ವಸ್ತುವಿನ ನಿಜವಾದ ಸುಖ ಗೊತ್ತಾಗುತ್ತಿದ್ದದ್ದು ರೈಲಿನಲ್ಲಿ. ದೆಹಲಿಯಿಂದ ಬೆಂಗಳೂರಿಗೆ ಎರಡು ಹಗಲು ದಾಟುವ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಪ್ರತಿ ಡಬ್ಬಿಯಲ್ಲೂ ಒಬ್ಬರಾದರೂ ಹಿರಿಯರ ಬಳಿ ಮಡಚುವ ಚಾಕು ಇರುತ್ತಿತ್ತು. ದಾರಿಯಲ್ಲಿ ಕೊಂಡ ಸೌತೆಕಾಯಿಯೋ ಪೇರಲೆಯೋ ಅವರ ಕೈಯಲ್ಲಿ ಹೋಳಾಗಿ, ಉಪ್ಪುಕಾರ ಸವರಿಸಿಕೊಂಡು, ಪರಿಚಯವಿಲ್ಲದವರ ಕೈಗೂ ಬರುತ್ತಿತ್ತು. ನಂತರ ಅಲಗನ್ನು ಕರವಸ್ತ್ರದಲ್ಲಿ ಒರೆಸಿ, ಮಡಚಿ, ಜೇಬಿಗೆ. ಚಾಕುವನ್ನು ಬೇರೆಯವರಿಗೆ ಕೊಡಬೇಕಾಗಿ ಬಂದರೆ ಕೈಯಿಂದ ಕೈಗೆ ಕೊಡದೆ ಕೆಳಗಿಟ್ಟು ತೆಗೆದುಕೊಳ್ಳಿ ಎನ್ನುತ್ತಿದ್ದರು. ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬ ನಂಬಿಕೆ. ಫ್ರಾನ್ಸಿನಲ್ಲಿ ಚಾಕು ಉಡುಗೊರೆ ಪಡೆದವರು ಸ್ನೇಹ ಕಡಿಯದಿರಲೆಂದು ಒಂದು ನಾಣ್ಯ ಮರಳಿಸುವ ರೂಢಿಯಿದೆ. ಅಲಗಿಗೆ ಎರಡು ಮುಖಗಳಿವೆ ಎಂಬುದು ಹಿಂದಿನವರಿಗೂ ಗೊತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ದೂರವಿಡುವುದಲ್ಲ, ನಡವಳಿಕೆ ಕಲಿಸುವುದು.

ಬೀದಿಯಲ್ಲಿ, ಕಚೇರಿಯಲ್ಲಿ, ರೈಲಿನಲ್ಲಿ ಚಾಕು ಹಿಂದಿನಂತೆ ಮರಳಲಿ ಎಂದು ನಾನು ಕೇಳುತ್ತಿಲ್ಲ. ನಮ್ಮ ಕಚೇರಿಯ ಕಡತಗಳೂ ಈಗ ಪರದೆಯ ಮೇಲೇ ಓಡಾಡುತ್ತವೆ. ಅರಗಿನ ಮುದ್ರೆ ಒಡೆಯುವ, ದಾರ ಕತ್ತರಿಸುವ ಸಂದರ್ಭವೇ ಇಲ್ಲ. ಮನೆಯೊಳಗೆ ಮಾತ್ರ ಇನ್ನೂ ನಮ್ಮದೇ ರಾಜ್ಯ. ಮಗಳು ಬಣ್ಣದ ಪೆನ್ಸಿಲುಗಳನ್ನು ಹರಡಿಕೊಂಡು ಕುಳಿತಾಗ ನಾನು ಮೆಂಡರನ್ನು ಬದಿಗಿಟ್ಟು ಚಾಕು ತೆರೆಯುತ್ತೇನೆ. ಹೆಬ್ಬೆರಳನ್ನು ಎಲ್ಲಿಡಬೇಕು, ಅಲಗನ್ನು ಯಾವ ಕಡೆಗೆ ನೂಕಬೇಕು ಎಂದು ತೋರಿಸುತ್ತೇನೆ. ದೇವದಾರು ಮರದ ಹೆರಕಲು ಸುರುಳಿಯಾಗಿ ಹಳೆಯ ಪತ್ರಿಕೆಯ ಮೇಲೆ ಬೀಳುತ್ತದೆ. ಅವಳಿಗೆ ಈಗ ಒಂಬತ್ತು ವರ್ಷ. ಮೂರು ಪೆನ್ಸಿಲುಗಳಲ್ಲಿ ಒಂದರ ಸೀಸ ಇನ್ನೂ ಮುರಿಯುತ್ತದೆ. ಕಳೆದ ಆಯುಧಪೂಜೆಯಂದು ಈಳಿಗೆಮಣೆ, ಕಾರಿನ ಕೀಲಿ, ಲ್ಯಾಪ್‌ಟಾಪುಗಳ ಸಾಲಿನಲ್ಲಿ ಆ ಪುಟ್ಟ ಚಾಕುವನ್ನೂ ಅವಳೇ ತಂದಿಟ್ಟು ಕುಂಕುಮ ಹಚ್ಚಿದಳು.